ಚೆದರಿದ ಬೆಳಕು

ಮಾಗಿಯ ಮುಂಜಾನೆ ಕೊರಟಗೆರೆಯ ಕಡೆಯಿಂದ ಮಧುಗಿರಿಗೆ ಹೊರಟ ಪ್ರಯಾಣಿಕನಿಗೆ ಅಲ್ಲಿಯ ಏಕಶಿಲೆಯ ಬೆಟ್ಟವು ಮೊದಲು ಕಲ್ಲಾಗಿ ಕಾಣುವುದಿಲ್ಲ. ನೀರು ಬೆರಸಿದ ಮಸಿಯಂತೆ ತೆಳ್ಳಗೆ, ನಸುನೀಲಿಯಾಗಿ ಕಾಣುತ್ತದೆ. ಸಮೀಪಿಸಿದಂತೆಲ್ಲ ಆ ಬಣ್ಣವು ಗಾಢವಾಗಿ, ಕೋಟೆಯ ಗೋಡೆಗಳು ಒಂದೊಂದಾಗಿ ತೋರತೊಡಗುತ್ತವೆ. ಶಿರಾದ ಬಯಲಿನಲ್ಲಿ ನಿಂತು ದೂರದ ಗುಡ್ಡಗಳನ್ನು ನೋಡಿದವರಿಗೆ ಇದು ಹೊಸತೇನೂ ಅಲ್ಲ. ನಡುವಣ ಮಂಜೂ ಧೂಳೂ ಸೂರ್ಯನ ಬೆಳಕನ್ನು ಚೆದರಿಸಿ, ಬೆಟ್ಟದ ದಿಕ್ಕಿನಿಂದಲೇ ಬಂದಿತೋ ಎಂಬಂತೆ ಕಣ್ಣಿಗೆ ತಲುಪಿಸುತ್ತವೆ. ಹೀಗೆ ಪರರ ಬೆಳಕು ಸೇರಿ ಕರಿಯ ಬೆಟ್ಟವು ಬಿಳಿಚಿಕೊಳ್ಳುತ್ತದೆ.

೧೮೯೫ರಲ್ಲಿ ರಾಂಟ್ಜೆನ್ನನು ಕಂಡುಹಿಡಿದ ಕ್ಷ-ಕಿರಣಗಳಿಗೂ ಇದೇ ಪಾಡು. ನೇರವಾಗಿ ಹಾದುಬಂದ ಕಿರಣವು ದಾರಿಯಲ್ಲಿದ್ದ ವಸ್ತುವಿನ ದಪ್ಪವನ್ನು ನೆರಳಿನಲ್ಲಿ ಬರೆಯುತ್ತದೆ. ಎಲೆಕ್ಟ್ರಾನಿಗೆ ತಾಗಿ ದಿಕ್ಕು ತಪ್ಪಿದ ಕಿರಣವು ಆ ಬರಹದ ಮೇಲೆ ಮಸುಕನ್ನು ಬಳಿಯುತ್ತದೆ. ಈ ಚೆದರಿಕೆಯ ನಿಯಮವನ್ನು ಅಮೆರಿಕದ ಕಾಂಪ್ಟನ್ನರು ೧೯೨೩ರಲ್ಲಿ ತಿಳಿಸಿದರು. ಅದಕ್ಕೆ ಸಮನಾದುದನ್ನು ಬೆಳಕಿನಲ್ಲಿ ಅರಸಿದ ಚಂದ್ರಶೇಖರ ವೆಂಕಟರಾಮನ್ನರು ತಮಗೆ ದೊರೆತ ಫಲವನ್ನು ೧೯೨೮ನೆಯ ಮಾರ್ಚಿ ೧೬ರಂದು ಬೆಂಗಳೂರಿನ ವಿದ್ವತ್ಸಭೆಯೊಂದರಲ್ಲಿ ವಿವರಿಸಿದರು.

ವಸ್ತುವು ದೊಡ್ಡದಾದಷ್ಟೂ ಚೆದರಿಕೆಯೂ ಹೆಚ್ಚು. ಸ್ಥೂಲಕಾಯರ ಚಿತ್ರವು ಮಸುಕಾಗುವುದನ್ನು ಕಂಡು, ಬುಕಿ ಎಂಬ ಜರ್ಮನ್ ವೈದ್ಯನು ೧೯೧೩ರಲ್ಲಿಯೇ ಓರೆ ಕಿರಣಗಳನ್ನು ತಡೆವ ಸೀಸದ ಜಾಲರಿಯನ್ನು ಯೋಜಿಸಿದನು. ಇಂದು ಮನೆಮಾತಾಗಿರುವ ಸಿ.ಟಿ. ಸ್ಕ್ಯಾನಿನಿಂದ ರೋಗಿಯನ್ನು ಮೊದಲು ಪರೀಕ್ಷಿಸಿದುದು ೧೯೭೧ರಲ್ಲಿ, ಲಂಡನ್ನಿನಲ್ಲಿ. ಸುತ್ತಲೂ ತೆಗೆದ ನೆರಳುಗಳಿಂದ ಒಳಗಣ ಪದರವನ್ನು ಗಣಿಸುವ ಈ ವಿದ್ಯೆಯು ಈಗ ದೊಡ್ಡ ಲೋಹದ ಎರಕಗಳಿಗೂ ರಾಕೆಟ್ಟಿನ ಭಾಗಗಳಿಗೂ ಸಲ್ಲುತ್ತಿದೆ. ಪಾವಗಡದ ಗಡಿಯಾಚೆ, ಆಂಧ್ರದ ಕರಾವಳಿಯ ಶ್ರೀಹರಿಕೋಟೆಯಿಂದ ಏರುವ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಹಂತದ ಅಡ್ಡಳತೆಯೇ ೨.೮ ಮೀಟರು. ಇಂಥ ಘನ ಇಂಧನದಲ್ಲಿ ಬಿರುಕೊಂದು ಅಡಗಿದ್ದರೆ ಉರಿವ ಮೈ ಹೆಚ್ಚಿ, ಒತ್ತಡವೇರಿ, ಕೋಶವೇ ಸಿಡಿಯಬಹುದು. ಅಲ್ಲಿ ನೆರಳನ್ನು ಓದುವವನ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ.

ತಪ್ಪು ಎಷ್ಟೆಂಬುದಕ್ಕೆ ಲೆಕ್ಕವೊಂದನ್ನು ನೋಡಬಹುದು. ೯ ಮಿಲಿಯ ವೋಲ್ಟಿನ ಯಂತ್ರದ ಕಿರಣವು ಉಕ್ಕಿನಲ್ಲಿ ಸುಮಾರು ೩ ಸೆಂಟಿಮೀಟರಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ೩೦ ಸೆಂಟಿಮೀಟರು ದಾಟುವಷ್ಟರಲ್ಲಿ ಹತ್ತು ಸಲ ಅರ್ಧವಾಗಿ, ೧,೦೨೪ ಪಾಲಿನಲ್ಲಿ ಒಂದು ಪಾಲು ಉಳಿಯುತ್ತದೆ. ಅದರೊಡನೆ ಅಷ್ಟೇ ಚೆದರಿದ ಕಿರಣವೂ ಬಂದು ಬಿದ್ದರೆ, ಗಣಕವು ಎರಡು ಪಾಲೆಂದು ಓದಿ, ಒಂಬತ್ತೇ ಸಲ ಅರ್ಧವಾಯಿತೆಂದು ಎಣಿಸಿ, ಉಕ್ಕಿನ ದಪ್ಪ ೨೭ ಸೆಂಟಿಮೀಟರೆಂದು ಬರೆಯುತ್ತದೆ. ಇದ್ದ ಉಕ್ಕು ಲೆಕ್ಕದಲ್ಲಿ ಕರಗಿಹೋಯಿತು! ಈ ನಷ್ಟವು ನಡುವೆಯೇ ಹೆಚ್ಚಾದುದರಿಂದ, ಗಟ್ಟಿಯಾದ ಉರುಳೆಯು ಚಿತ್ರದಲ್ಲಿ ನಡು ಟೊಳ್ಳಾದಂತೆ ತೋರುತ್ತದೆ.

ಇಷ್ಟು ಬಲದ ಕಿರಣವು ಚೆದರಿದರೂ ಬಹುಮಟ್ಟಿಗೆ ಮುಂದಕ್ಕೇ ಸಾಗುವುದರಿಂದ ಜಾಲರಿಯೊಂದೇ ಸಾಲದು. ಆದುದರಿಂದ ಯಂತ್ರಕ್ಕೂ ವಸ್ತುವಿಗೂ ನಡುವೆ ಸೀಸದ ಅಥವಾ ಟಂಗ್‌ಸ್ಟನ್ನಿನ ದಪ್ಪ ತುಂಡುಗಳನ್ನು ಅಲ್ಲಲ್ಲಿ ಇಡುವುದುಂಟು. ಅವುಗಳ ನೆರಳಿನಲ್ಲಿ ನೇರ ಕಿರಣವು ಬೀಳದು. ಅಲ್ಲಿ ಅಳತೆಗೆ ಸಿಕ್ಕಿದುದೆಲ್ಲ ಬೇರೆಡೆಯಿಂದ ಚೆದರಿ ಬಂದುದೇ. ಅದನ್ನು ಅಳೆದು, ಉಳಿದ ಸ್ಥಳಗಳಿಗೂ ಅಂದಾಜು ಮಾಡಿ, ಒಟ್ಟಿನಿಂದ ಕಳೆಯುತ್ತಾರೆ. ಕಿರಣಗಳ ದಾರಿಯನ್ನು ಗಣಕದಲ್ಲಿಯೇ ಒಂದೊಂದಾಗಿ ನಡೆಯಿಸಿ ಗಣಿಸುವ ಕ್ರಮವೂ ಇದೆ. ಆದರೆ ಕಳೆಯುವುದರಲ್ಲಿಯೂ ಅಪಾಯವುಂಟು. ಕಡಿಮೆ ಕಳೆದರೆ ನಿಜವಾದ ಬಿರುಕು ಮಸುಕಿನಲ್ಲಿ ಅಡಗೀತು; ಹೆಚ್ಚು ಕಳೆದರೆ ಇಲ್ಲದ ಗೆರೆಗಳು ಮೂಡಿ, ಒಳ್ಳೆಯ ವಸ್ತುವೇ ತಳ್ಳಿಹೋದೀತು.

ಮಧುಗಿರಿಯ ಪ್ರಯಾಣಿಕನು ಬಿಸಿಲೇರುವವರೆಗೆ ಕಾದಿರಬಹುದು. ಇಲ್ಲವೆ ನಡೆದುಹೋಗಿ ಬಂಡೆಯನ್ನೇ ಮುಟ್ಟಿ ನೋಡಬಹುದು. ಮುಚ್ಚಿದ ಲೋಹದ ಒಳಗನ್ನು ಅರಿಯಬೇಕಾದವನಿಗೆ ಆ ಭಾಗ್ಯವಿಲ್ಲ. ತನಗೆ ಬಂದ ಬೆಳಕಿನಲ್ಲಿ ಪರರ ಪಾಲೆಷ್ಟೆಂದು ಅಳೆದು, ಅಷ್ಟನ್ನೇ ಹಿಂದಿರುಗಿಸಿ, ಉಳಿದುದನ್ನು ನಂಬಿ ಅವನು ಸಹಿ ಹಾಕಬೇಕಾಗಿದೆ.