ಒಬ್ಬೊಬ್ಬರನ್ನೇ ಕೇಳುತ್ತ

ಆರು ಜನ ಸೇರಿ ನುಡಿಸಿದ ಹಾಡನ್ನು ಕಡೇಪಕ್ಷ ಆರು ಸಲ ಕೇಳಬೇಕು, ಸಲಕ್ಕೊಬ್ಬರಂತೆ. ಮೊದಲ ಸಲ ಬೇಸ್ ಗಿಟಾರಿನವನ ಜೊತೆಗೇ ನಡೆಯಬೇಕು. ಉಳಿದವರು ಎಷ್ಟು ಕರೆದರೂ ಅತ್ತ ಕಿವಿಗೊಡಬಾರದು. ಮರುಸಲ ಡ್ರಮ್ಸ್. ಆಮೇಲೆ, ಮುಂದೆ ಬಾರದೆ ಹಿಂದೆಯೇ ನಿಂತು ಲಯ ತುಂಬುವ ಗಿಟಾರು. ಹೀಗೆ ಒಬ್ಬೊಬ್ಬರ ಬೆನ್ನು ಹತ್ತಿ ಹೋಗಿ, ಕೊನೆಗೆ ಎಲ್ಲರನ್ನೂ ಒಟ್ಟಿಗೆ ಕೇಳಿದರೆ, ಅದುವರೆಗೆ ಕೇಳಿದ್ದ ಹಾಡು ಇದೇನಾ ಎನ್ನುವಷ್ಟು ಹೊಸದಾಗಿರುತ್ತದೆ. ನನ್ನ ಬಿಡುವಿನ ವೇಳೆಯೆಲ್ಲ ಹೋಗುವುದು ಈ ಸುಖಕ್ಕೆ. ಇದಕ್ಕೆ ಹೇಳಿ ಮಾಡಿಸಿದಂತಿರುವುದು ಅಮೆರಿಕದ ಶಿಕಾಗೊ ನಗರದ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್‌ನ ಮೊದಲ ಎರಡು ಎಲ್‌ಪಿಗಳು. 1965ರಲ್ಲಿ ಬಂದ ಮೊದಲನೆಯದಕ್ಕೆ ತಂಡದ ಹೆಸರೇ ಹೆಸರು. ಮರುವರ್ಷದ ಎರಡನೆಯದು ‘ಈಸ್ಟ್-ವೆಸ್ಟ್’.

ಶಿಕಾಗೊ ಎಂದರೆ ಬ್ಲೂಸ್‌ಗೆ ತವರಲ್ಲ, ಬಂದು ನೆಲೆಸಿದ ಊರು. ಮಿಸಿಸಿಪ್ಪಿಯ ಹತ್ತಿಹೊಲಗಳನ್ನು ಬಿಟ್ಟು ಕಾರ್ಖಾನೆಯ ಕೆಲಸ ಹುಡುಕಿ ಉತ್ತರಕ್ಕೆ ಹೊರಟ ಕಪ್ಪುಜನರ ಜೊತೆ ಅವರ ಹಾಡೂ ರೈಲು ಹತ್ತಿತು. ನಗರದ ಗದ್ದಲದಲ್ಲಿ ಬರಿಯ ಗಿಟಾರಿನ ದನಿ ಕೇಳದೆ ಅದಕ್ಕೆ ವಿದ್ಯುತ್ತು ಸೇರಿತು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಲಿಟಲ್ ವಾಲ್ಟರ್ ಇವರೆಲ್ಲ ಊರಿನ ಸೌತ್ ಸೈಡ್‌ನ ಸಣ್ಣ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದರು. ಅದೇ ಸೌತ್ ಸೈಡ್‌ನ ಹೈಡ್ ಪಾರ್ಕ್‌ನಲ್ಲಿ ಬೆಳೆದ ಬಿಳಿಯ ಹುಡುಗ ಪಾಲ್ ಬಟರ್‌ಫೀಲ್ಡ್. ಅವನ ಮೊದಲ ಪಾಠ ಪಾಶ್ಚಾತ್ಯ ಶಾಸ್ತ್ರೀಯ ಕೊಳಲಿನದು. ಕಲಿಸಿದವರು ಶಿಕಾಗೊ ಸಿಂಫನಿಯ ಕಲಾವಿದರು. ಮುಂದೆ ಅವನ ತಂಡದಲ್ಲಿ ಗಿಟಾರ್ ನುಡಿಸಿದ ಎಲ್ವಿನ್ ಬಿಷಪ್ ಒಕ್ಲಹೋಮದ ಟಲ್ಸಾದಿಂದ ವಿದ್ಯಾರ್ಥಿವೇತನ ಪಡೆದು ಭೌತಶಾಸ್ತ್ರ ಓದಲೆಂದು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದವನು. ಇಬ್ಬರನ್ನೂ ಆ ಕ್ಲಬ್ಬುಗಳು ಸೆಳೆದುಕೊಂಡವು. ಅಲ್ಲಿ ಸ್ವರಲಿಪಿಯಿಲ್ಲ, ತರಗತಿಯಿಲ್ಲ. ಹತ್ತಿರ ಕೂತು ಕೇಳಬೇಕು, ಕೈಯ ಚಲನೆ ನೋಡಬೇಕು, ಹಿರಿಯರು ಕರೆದಾಗ ವೇದಿಕೆ ಹತ್ತಬೇಕು. ಮಡ್ಡಿ ವಾಟರ್ಸ್ ಈ ಹುಡುಗರನ್ನು ಕರೆದರು, ನುಡಿಸಲು ಬಿಟ್ಟರು. ಕೇಳಿ ಕೇಳಿ ಕಲಿತವರ ಸಂಗೀತ ಇದು. ಅದಕ್ಕೇ ಅದನ್ನು ಕೇಳಿ ಕೇಳಿಯೇ ತಿಳಿಯಬೇಕು ಎಂಬುದು ನನ್ನ ನಂಬಿಕೆ.

1963ರಲ್ಲಿ ನಗರದ ಓಲ್ಡ್ ಟೌನ್‌ನ ‘ಬಿಗ್ ಜಾನ್ಸ್’ ಎಂಬಲ್ಲಿ ನುಡಿಸಲು ಅವಕಾಶ ಬಂದಾಗ ಬಟರ್‌ಫೀಲ್ಡ್ ಹೌಲಿನ್ ವುಲ್ಫ್‌ರ ತಂಡದಿಂದಲೇ ಇಬ್ಬರನ್ನು ಕರೆತಂದ. ಬೇಸ್ ಗಿಟಾರಿಗೆ ಜೆರೋಮ್ ಆರ್ನಾಲ್ಡ್, ಡ್ರಮ್ಸ್‌ಗೆ ಸ್ಯಾಮ್ ಲೇ. ಇಬ್ಬರೂ ಕಪ್ಪುಜನರು, ಆಗಲೇ ಪಳಗಿದ ಕಲಾವಿದರು. ಕಪ್ಪು-ಬಿಳಿಯರು ಒಂದೇ ತಂಡದಲ್ಲಿ ನಿಂತು ನುಡಿಸುವುದು ಅಮೆರಿಕದಲ್ಲಿ ಆಗ ಸಲೀಸಾದ ವಿಷಯವಾಗಿರಲಿಲ್ಲ. ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದೇ 1964ರಲ್ಲಿ. ಆಮೇಲೆ ಮೈಕ್ ಬ್ಲೂಮ್‌ಫೀಲ್ಡ್ ಗಿಟಾರಿಗೆ, ಮಾರ್ಕ್ ನಾಫ್ಟಲಿನ್ ಕೀಬೋರ್ಡಿಗೆ ಬಂದು ಸೇರಿದರು.

ಮೊದಲ ಎಲ್‌ಪಿ ಹುಟ್ಟಿದ ಕತೆ ನನಗೆ ಬಹಳ ಪ್ರಿಯ. ಎಲೆಕ್ಟ್ರಾ ಕಂಪನಿಯ ನಿರ್ಮಾಪಕ ಪಾಲ್ ರಾಥ್‌ಚೈಲ್ಡ್ ಒಮ್ಮೆ ಸ್ಟುಡಿಯೊದಲ್ಲಿ ಪೂರ್ತಿ ಧ್ವನಿಮುದ್ರಣ ಮಾಡಿಸಿದ. ಕ್ಲಬ್ಬಿನಲ್ಲಿ ಕೇಳಿದ್ದ ಬಿಸಿ ಅದರಲ್ಲಿ ಇಲ್ಲ ಅನ್ನಿಸಿತು; ಬದಿಗಿಟ್ಟ. ನ್ಯೂಯಾರ್ಕಿನ ‘ಕೆಫೆ ಔ ಗೊ ಗೊ’ದಲ್ಲಿ ಜನರೆದುರಿಗೇ ನುಡಿಸುವಾಗ ಮುದ್ರಿಸಿದ, ಅದನ್ನೂ ಒಪ್ಪಲಿಲ್ಲ. ಮತ್ತೆ ಸ್ಟುಡಿಯೊ, ಮೂರನೆಯ ಪ್ರಯತ್ನ. ಅದೇ 1965ರ ಅಕ್ಟೋಬರಿನಲ್ಲಿ ಹೊರಬಂದದ್ದು. ಮೊದಲ ಸಲದ ಮುದ್ರಣ ಮೂವತ್ತು ವರ್ಷ ಕಳೆದು 1995ರಲ್ಲಿ ಬೆಳಕಿಗೆ ಬಂತು. ನನ್ನಂಥವರಿಗೆ ಅದೊಂದು ನಿಧಿ. ಅದೇ ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರೆ ಏನು ಬದಲಾಯಿತೆಂದು ತಿಳಿಯುತ್ತದೆ. ಮೊದಲ ಮುದ್ರಣದಲ್ಲಿ ಎಲ್ಲರೂ ಚೆನ್ನಾಗಿ ನುಡಿಸುತ್ತಾರೆ. ಕೊನೆಯದರಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ನುಡಿಸುತ್ತಾರೆ. ಎಲ್‌ಪಿಯ ಹಿಂಬದಿಯಲ್ಲಿ ಇದನ್ನು ಸಾಧ್ಯವಾದಷ್ಟು ದೊಡ್ಡ ದನಿಯಲ್ಲಿ ಹಾಕಿ ಕೇಳಿ ಎಂದು ಕಂಪನಿಯೇ ಅಚ್ಚು ಹಾಕಿಸಿದೆ. ನಾನು ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ.

ಇನ್ನು ಒಬ್ಬೊಬ್ಬರ ಬೆನ್ನು ಹತ್ತೋಣ.

ಜೆರೋಮ್ ಆರ್ನಾಲ್ಡ್ ಕಣ್ಣಿಗೆ ಬೀಳದ ಕಲಾವಿದ. ಅಣ್ಣ ಬಿಲ್ಲಿ ಬಾಯ್ ಆರ್ನಾಲ್ಡ್ ಶಿಕಾಗೊದ ಹೆಸರಾಂತ ಮೌತ್ ಆರ್ಗನ್ ವಾದಕ; ತಮ್ಮ ಬೇಸ್ ಹಿಡಿದ. ಅವನ ನಡಿಗೆಯಲ್ಲಿ ಆತುರವೇ ಇಲ್ಲ. ಮುಂದಿನವರು ಎಷ್ಟು ಎತ್ತರಕ್ಕೆ ಹಾರಿದರೂ ಇಳಿಯಲು ನೆಲ ಅಲ್ಲೇ ಇರುತ್ತದೆ. ಅವನೊಬ್ಬನನ್ನೇ ಕೇಳುತ್ತ ಎಲ್‌ಪಿಯ ಒಂದು ಬದಿ ಮುಗಿಸಿದರೆ, ಬ್ಲೂಸ್‌ನ ಹನ್ನೆರಡು ಬಾರ್‌ಗಳ ಆವರ್ತನ ಎಣಿಸದೆಯೇ ಮೈಗೆ ಹತ್ತಿರುತ್ತದೆ.

ಸ್ಯಾಮ್ ಲೇ ಅಲಬಾಮದ ಬರ್ಮಿಂಗ್‌ಹ್ಯಾಮ್‌ನವನು. ಚರ್ಚಿನಲ್ಲಿ ಭಕ್ತರು ಚಪ್ಪಾಳೆ ತಟ್ಟುತ್ತ ಹಾಡುವುದನ್ನು ಕೇಳಿ ಬೆಳೆದ. ಆ ಚಪ್ಪಾಳೆಗಳ ಒಳಗಿನ ಇಮ್ಮಡಿ ಲಯವನ್ನೇ ಡ್ರಮ್ಸ್ ಮೇಲೆ ತಂದ. ‘ಡಬಲ್ ಷಫಲ್’ ಎಂದು ಅದಕ್ಕೆ ಹೆಸರು. ಒಂದು ಕೈ ನಡೆಸಿದ ಲಯದ ಮಧ್ಯೆ ಇನ್ನೊಂದು ಕೈ ಓಡುತ್ತಿರುತ್ತದೆ, ಎರಡೂ ಡಿಕ್ಕಿ ಹೊಡೆಯುವುದಿಲ್ಲ. ‘ಗಾಟ್ ಮೈ ಮೋಜೊ ವರ್ಕಿಂಗ್’ ಹಾಡಿನಲ್ಲಿ ನುಡಿಸುತ್ತ ಹಾಡಿದವನೂ ಅವನೇ. ಆ ಹಾಡಿಗೆ ಕಾಲು ಕುಣಿಸದೆ ಕೂತವರನ್ನು ನಾನು ಇನ್ನೂ ನೋಡಬೇಕು.

ಎಲ್ವಿನ್ ಬಿಷಪ್‌ನನ್ನು ಕೇಳಲು ತಾಳ್ಮೆ ಬೇಕು. ಮೊದಲ ಎಲ್‌ಪಿಯಲ್ಲಿ ಅವನ ಪಾಲಿಗೆ ಬಂದದ್ದು ಬಹುತೇಕ ಸಾಥ್ ಕೊಡುವ ಕೆಲಸ. ಆದರೆ ಅವನ ಗಿಟಾರನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ, ಹಾಡು ತೆಳ್ಳಗಾಗಿಬಿಡುತ್ತದೆ. ನಾಫ್ಟಲಿನ್‌ನ ಆರ್ಗನ್ ಕೂಡ ಹಾಗೆಯೇ, ಇದ್ದಾಗ ಗಮನಕ್ಕೆ ಬಾರದ ಹಿನ್ನೆಲೆ. ಅವನು ತಂಡಕ್ಕೆ ಕೂಡಿಕೊಂಡದ್ದು ಮೊದಲ ಎಲ್‌ಪಿಯ ಧ್ವನಿಮುದ್ರಣದ ನಡುವೆಯೇ.

ಬಟರ್‌ಫೀಲ್ಡ್‌ನ ಮೌತ್ ಆರ್ಗನ್ನಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲುತ್ತೇನೆ. ಅಂಗೈಯಲ್ಲಿ ಅಡಗುವ ವಾದ್ಯ. ಹತ್ತು ರಂಧ್ರ, ಇಪ್ಪತ್ತು ರೀಡು. ಊದಿದರೆ ಒಂದು ಸ್ವರ, ಉಸಿರು ಒಳಗೆಳೆದರೆ ಇನ್ನೊಂದು. ಜರ್ಮನಿಯಲ್ಲಿ ತಯಾರಾಗುತ್ತಿದ್ದ ಈ ವಾದ್ಯವನ್ನು ಊದುವುದಕ್ಕಿಂತ ಎಳೆಯುವುದರಲ್ಲೇ ಹೆಚ್ಚು ಅರ್ಥವಿದೆ ಎಂದು ಕಂಡುಕೊಂಡವರು ಬ್ಲೂಸ್‌ನವರು. ‘ಸಿ’ ಶ್ರುತಿಯ ವಾದ್ಯ ಹಿಡಿದು ‘ಜಿ’ ಶ್ರುತಿಯ ಹಾಡು ನುಡಿಸುತ್ತಾರೆ. ಆಗ ಮುಖ್ಯ ಸ್ವರಗಳೆಲ್ಲ ಒಳಗೆಳೆಯುವ ಉಸಿರಿಗೆ ಬರುತ್ತವೆ. ನಾಲಿಗೆಯ ಆಕಾರ ಬದಲಿಸಿ ಆ ಸ್ವರಗಳನ್ನು ಕೆಳಕ್ಕೆ ಬಾಗಿಸಬಹುದು. ಎರಡು ಸ್ವರಗಳ ನಡುವಿನ ಆ ಜಾರಿಕೆ, ನಮ್ಮ ಹಿಂದುಸ್ತಾನಿಯವರು ಮೀಂಡ್ ಎನ್ನುವುದು, ತಗಡಿನ ರೀಡಿನಿಂದ ಹೊರಡುತ್ತದೆಂದರೆ ಮೊದಲು ನಂಬಿಕೆಯೇ ಬರುವುದಿಲ್ಲ. ಮೈಕನ್ನು ವಾದ್ಯದ ಜೊತೆ ಅಂಗೈಯಲ್ಲೇ ಮುಚ್ಚಿ ಹಿಡಿದು ಗಿಟಾರ್ ಆಂಪ್ಲಿಫೈಯರ್ ಮೂಲಕ ದನಿಯನ್ನು ದಪ್ಪ ಮಾಡುವ ರೀತಿಗೆ ಲಿಟಲ್ ವಾಲ್ಟರ್ ದಾರಿ ಹಾಕಿಕೊಟ್ಟಿದ್ದರು. ಬಟರ್‌ಫೀಲ್ಡ್ ಆ ದಾರಿಯಲ್ಲೇ ನಡೆದ. ವಾದ್ಯವನ್ನು ತಲೆಕೆಳಗಾಗಿ, ಮಂದ್ರ ಸ್ವರಗಳು ಬಲಕ್ಕೆ ಬರುವಂತೆ ಹಿಡಿಯುತ್ತಿದ್ದ. ಸ್ವರಗಳ ಗುಂಪಿಗಿಂತ ಒಂಟಿ ಸ್ವರಗಳ ಮೇಲೆ ಅವನಿಗೆ ಹೆಚ್ಚು ಒಲವು. ‘ಬ್ಲೂಸ್ ವಿತ್ ಎ ಫೀಲಿಂಗ್’ ಕೇಳುವಾಗ ಒಂದೊಂದು ಸ್ವರವೂ ದುಂಡಗೆ, ಬಿಡಿಬಿಡಿಯಾಗಿ ಬಂದು ನಿಲ್ಲುತ್ತದೆ. ಎಳವೆಯಲ್ಲಿ ಕಲಿತ ಕೊಳಲಿನ ಉಸಿರಿನ ಶಿಸ್ತು ಇಲ್ಲಿಗೆ ಒದಗಿತೇನೋ ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ.

ಕೊನೆಗೆ ಬ್ಲೂಮ್‌ಫೀಲ್ಡ್. ಶಿಕಾಗೊದ ಶ್ರೀಮಂತ ಯಹೂದಿ ಮನೆಯ ಮಗ. ತಂದೆಯದು ಹೋಟೆಲುಗಳಿಗೆ ಬೇಕಾದ ಸಾಮಾನು ತಯಾರಿಸುವ ಉದ್ಯಮ. ಮಗನಿಗೆ ಗಿಟಾರ್ ಬಿಟ್ಟು ಬೇರೆ ಪ್ರಪಂಚವಿರಲಿಲ್ಲ. ಹಳೆಯ ಬ್ಲೂಸ್ ಹಾಡುಗಾರರನ್ನು ಹುಡುಕಿ ಹೋಗಿ ಅವರ ಹಿಂದೆ ತಿರುಗಿದ. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡುಗಾರ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಗದ್ದಲ ಎಬ್ಬಿಸಿದಾಗ ಬೆನ್ನಿಗೆ ನಿಂತವರಲ್ಲಿ ಬ್ಲೂಮ್‌ಫೀಲ್ಡ್, ಆರ್ನಾಲ್ಡ್, ಲೇ ಮೂವರೂ ಇದ್ದರು. ಆ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದು 1966ರ ಆಗಸ್ಟಿನಲ್ಲಿ ಬಂದ ‘ಈಸ್ಟ್-ವೆಸ್ಟ್’.

ಅಷ್ಟರಲ್ಲಿ ಸ್ಯಾಮ್ ಲೇ ಕಾಯಿಲೆ ಬಿದ್ದು, ಜಾಝ್‌ನಲ್ಲಿ ಪಳಗಿದ ಬಿಲ್ಲಿ ಡ್ಯಾವನ್‌ಪೋರ್ಟ್ ಡ್ರಮ್ಸ್‌ಗೆ ಬಂದಿದ್ದ. ಆ ಬದಲಾವಣೆಯಿಲ್ಲದೆ ಎಲ್‌ಪಿಯ ಕೊನೆಗಿರುವ ಹದಿಮೂರು ನಿಮಿಷದ ‘ಈಸ್ಟ್-ವೆಸ್ಟ್’ ಎಂಬ ವಾದನ ಹೀಗೆ ಆಗುತ್ತಿರಲಿಲ್ಲ. ಬ್ಲೂಮ್‌ಫೀಲ್ಡ್ ರವಿಶಂಕರರ ಸಿತಾರಿಗೆ ಮಾರುಹೋಗಿದ್ದ. ತಂಡದವರು ಈ ರಚನೆಯನ್ನು ಮೊದಲು ‘ದಿ ರಾಗ’ ಎಂದೇ ಕರೆಯುತ್ತಿದ್ದರು. ಹಿಂದುಸ್ತಾನಿ ಕೇಳಿ ಕೇಳಿ ಕಿವಿ ಪಳಗಿದ ಕನ್ನಡಿಗರಿಗೆ ಇದು ರಾಗವಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಆರೋಹಣ-ಅವರೋಹಣದ ಕಟ್ಟಿಲ್ಲ, ನಡುದಾರಿಯಲ್ಲಿ ಸ್ವರಗಳೇ ಬದಲಾಗುತ್ತವೆ. ಆದರೂ ಅವರು ನಮ್ಮ ಸಂಗೀತದಿಂದ ಹಿಡಿದದ್ದು ಮುಖ್ಯವಾದದ್ದನ್ನೇ. ಬ್ಲೂಸ್‌ನ ಹನ್ನೆರಡು ಬಾರ್‌ಗಳ ಸುತ್ತನ್ನು ಬಿಟ್ಟುಕೊಟ್ಟು ಒಂದೇ ಆಧಾರ ಸ್ವರದ ಮೇಲೆ ನಿಂತರು. ಆರ್ನಾಲ್ಡ್‌ನ ಬೇಸ್ ತಂಬೂರಿಯ ಹಾಗೆ ಅಲ್ಲೇ ಮಿಡಿಯುತ್ತಿರುತ್ತದೆ. ಬಿಷಪ್ ಈಗ ಮುಂದೆ ಬಂದು ಮೊದಲು ನುಡಿಸುತ್ತಾನೆ, ಆಮೇಲೆ ಬಟರ್‌ಫೀಲ್ಡ್, ಆಮೇಲೆ ಬ್ಲೂಮ್‌ಫೀಲ್ಡ್. ಅವನು ಒಂದು ಸ್ವರದ ಸುತ್ತ ಸುಳಿದು, ಮೆಲ್ಲನೆ ಹರಡಿಕೊಂಡು, ವೇಗಕ್ಕೆ ಏರುವಾಗ ಆಲಾಪ ಬಲ್ಲವರ ಬಾಯಿಂದ ತಾನಾಗಿ ‘ವ್ಹಾ’ ಬರುತ್ತದೆ. ಕಡೆಯಲ್ಲಿ ಎರಡೂ ಗಿಟಾರುಗಳು ಕೈಕೈ ಹಿಡಿದು ಹಗುರಾದ ಒಂದು ಮಾಧುರ್ಯಕ್ಕೆ ಬಂದು ಸೇರುತ್ತವೆ. ಇದನ್ನು ಮುದ್ರಿಸಿದ್ದು ಶಿಕಾಗೊದ ಚೆಸ್ ಸ್ಟುಡಿಯೊದಲ್ಲಿ. ಮಡ್ಡಿ ವಾಟರ್ಸ್ ಹಾಡುಗಳನ್ನು ಲೋಕಕ್ಕೆ ಕೊಟ್ಟ ಚೆಸ್ ಕಂಪನಿಯದೇ ಜಾಗ.

ಸಭೆಗಳಲ್ಲಿ ಅವರು ಇದನ್ನು ಇನ್ನೂ ಬೆಳೆಸುತ್ತಿದ್ದರು. ನಾಫ್ಟಲಿನ್ 1996ರಲ್ಲಿ ಹೊರತಂದ ‘ಈಸ್ಟ್-ವೆಸ್ಟ್ ಲೈವ್’ನಲ್ಲಿ ಮೂರು ವಾದನಗಳಿವೆ, ಕೊನೆಯದು ಸುಮಾರು 28 ನಿಮಿಷದ್ದು. ಧ್ವನಿ ಒರಟು, ಟೇಪಿನ ಸರಸರ ಕೇಳುತ್ತದೆ. ಅದರಿಂದ ನನಗೆ ತೊಂದರೆಯಿಲ್ಲ. ಒಂದೇ ರಚನೆ ತಿಂಗಳಿಂದ ತಿಂಗಳಿಗೆ ಬೆಳೆದ ಪರಿಯನ್ನು ಕಿವಿಯಾರೆ ಕೇಳಬಹುದಲ್ಲ, ಅದೇ ದೊಡ್ಡ ಭಾಗ್ಯ.

ಮಾರಾಟದ ಪಟ್ಟಿಯಲ್ಲಿ ಇವರು ಮೇಲಕ್ಕೇರಿದವರಲ್ಲ. ಮೊದಲ ಎಲ್‌ಪಿ ಬಿಲ್‌ಬೋರ್ಡ್‌ನಲ್ಲಿ 123ನೆಯ ಸ್ಥಾನ ಮುಟ್ಟಿತು, ಎರಡನೆಯದು 65. ಆದರೆ ರಾಕ್ ಸಂಗೀತದಲ್ಲಿ ದೀರ್ಘವಾಗಿ ಮನೋಧರ್ಮದಿಂದ ನುಡಿಸಬಹುದು, ಕೇಳುವವರೂ ಕೂತು ಕೇಳುತ್ತಾರೆ ಎಂದು ತೋರಿಸಿಕೊಟ್ಟವರಲ್ಲಿ ಇವರು ಮೊದಲಿಗರು. 1967ರಲ್ಲಿ ಬ್ಲೂಮ್‌ಫೀಲ್ಡ್ ತಂಡ ಬಿಟ್ಟ. ಬಟರ್‌ಫೀಲ್ಡ್ ತುತ್ತೂರಿ, ಸ್ಯಾಕ್ಸೋಫೋನ್‌ಗಳನ್ನು ಸೇರಿಸಿಕೊಂಡು ಮುಂದುವರಿದ. 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲೂ ನುಡಿಸಿದ. ಬ್ಲೂಮ್‌ಫೀಲ್ಡ್ 1981ರಲ್ಲಿ, ಬಟರ್‌ಫೀಲ್ಡ್ 1987ರಲ್ಲಿ ತೀರಿಕೊಂಡರು. ಇಬ್ಬರಿಗೂ ಐವತ್ತು ತುಂಬಿರಲಿಲ್ಲ. 2015ರಲ್ಲಿ ತಂಡಕ್ಕೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಿತು.

ನನ್ನ ಲೆಕ್ಕದಲ್ಲಿ ಇವರ ನಿಜವಾದ ಗೌರವಪತ್ರ 1969ರ ಒಂದು ಧ್ವನಿಮುದ್ರಿಕೆ. ಹೆಸರು ‘ಫಾದರ್ಸ್ ಆ್ಯಂಡ್ ಸನ್ಸ್’. ಮಡ್ಡಿ ವಾಟರ್ಸ್ ಹಾಡುತ್ತಾರೆ, ಓಟಿಸ್ ಸ್ಪ್ಯಾನ್ ಪಿಯಾನೊ ನುಡಿಸುತ್ತಾರೆ. ಜೊತೆಗೆ ಬಟರ್‌ಫೀಲ್ಡ್, ಬ್ಲೂಮ್‌ಫೀಲ್ಡ್, ಸ್ಯಾಮ್ ಲೇ. ಒಂದು ಕಾಲಕ್ಕೆ ಕ್ಲಬ್ಬಿನಲ್ಲಿ ಕೂತು ಕೇಳಿದ್ದ ಹುಡುಗರು ಈಗ ಗುರುವಿನ ಪಕ್ಕದಲ್ಲಿದ್ದಾರೆ. 1976ರಲ್ಲಿ ‘ದಿ ಲಾಸ್ಟ್ ವಾಲ್ಟ್ಸ್’ ಕಛೇರಿಯಲ್ಲಿ ಮಡ್ಡಿ ‘ಮ್ಯಾನಿಶ್ ಬಾಯ್’ ಹಾಡುವಾಗ ಬಟರ್‌ಫೀಲ್ಡ್ ಉಸಿರಿನ ಎಳೆ ಕಡಿಯಗೊಡದೆ ಒಂದೇ ಸ್ವರವನ್ನು ಹಿಡಿದು ನಿಲ್ಲಿಸುತ್ತಾನೆ. ಅಷ್ಟು ವಿದ್ಯೆಯಿದ್ದವನು ಅದನ್ನೆಲ್ಲ ಒಂದು ಸ್ವರಕ್ಕೆ ಇಳಿಸಿ, ಹಾಡುವವರಿಗೆ ಆಸರೆ ಕೊಡುತ್ತಾನೆ.

ಬೇರೆಯವರ ದನಿಗೆ ಎಷ್ಟು ಎಡೆ ಕೊಡಬೇಕೆಂದು ಅರಿತ ಮೇಲೆಯೇ ತನ್ನ ದನಿ ಎತ್ತಬೇಕು. ಸೌತ್ ಸೈಡ್‌ನ ಹಿರಿಯರು ಕಲಿಸಿದ್ದು ಇದನ್ನು, ಇವರು ಎರಡು ಎಲ್‌ಪಿಗಳಲ್ಲಿ ಉಳಿಸಿಹೋದದ್ದೂ ಇದನ್ನೇ. ಹೊಸದಾಗಿ ಕೇಳಲು ಹೊರಟವರು ‘ವರ್ಕ್ ಸಾಂಗ್’ನಿಂದ ಆರಂಭಿಸಲಿ. ನ್ಯಾಟ್ ಆ್ಯಡರ್ಲಿಯ ಆ ಜಾಝ್ ರಚನೆಯಲ್ಲಿ ನಾಲ್ವರು ಸರದಿಯ ಮೇಲೆ ಮುಂದೆ ಬಂದು ನುಡಿಸಿ, ಮತ್ತೆ ಹಿಂದೆ ಸರಿಯುತ್ತಾರೆ. ಕೊನೆಗೆ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುತ್ತಾರೆ. ನುಡಿಸುವವರನ್ನು ಬಿಟ್ಟು, ಆ ಹೊತ್ತಿಗೆ ಸುಮ್ಮನಿರುವವರು ಏನು ಮಾಡುತ್ತಿದ್ದಾರೆಂದು ಗಮನಿಸಿ. ಈ ತಂಡ ಏನೆಂದು ಅಲ್ಲಿ ಗೊತ್ತಾಗುತ್ತದೆ.