14 ಮುಖಗಳ ಪೋಸ್ಟರ್

ಆತ್ಮೀಯ ಗೆಳೆಯರೇ,

ನಿಮ್ಮ ಕಾಗದವೂ ಅದರೊಳಗೆ ಮಡಿಸಿಟ್ಟ ಪೋಸ್ಟರಿನ ಕರಡೂ ಕೈಸೇರಿದವು. ಊರಿನ ಗಾಯಕರೆಲ್ಲ ಕೂಡಿ ಭಾವಗೀತೆಗಳ ಆಲ್ಬಂ ತರುತ್ತಿದ್ದೀರಿ ಎಂಬ ಸುದ್ದಿ ಓದಿ ಮನಸ್ಸು ತುಂಬಿ ಬಂತು. ಮುಚ್ಚುಮರೆಯಿಲ್ಲದೆ ಅಭಿಪ್ರಾಯ ತಿಳಿಸಿ ಎಂದಿದ್ದೀರಿ. ಕರಡನ್ನು ಗೋಡೆಗೆ ಅಂಟಿಸಿ, ಎರಡು ದಿನ ಹೋಗುತ್ತ ಬರುತ್ತ ನೋಡಿದೆ. ಎಂಟು ಮಂದಿ ಗಾಯಕರು, ನಾಲ್ವರು ವಾದ್ಯದವರು, ನಿರ್ಮಾಪಕರು, ಬಿಡುಗಡೆಗೆ ಬರಲಿರುವ ಅತಿಥಿಗಳು, ಒಟ್ಟು 14 ಮುಖಗಳು. ಇಷ್ಟು ಮುಖಗಳ ನಡುವೆ ಹಾಡಿಗೆ ಜಾಗ ಸಿಕ್ಕಿಲ್ಲ ಎಂಬುದೇ ನನ್ನ ಕೊರಗು.

ಇದು ನಿಮ್ಮೊಬ್ಬರ ತಪ್ಪಲ್ಲ, ನಮ್ಮ ಕಣ್ಣಿಗೆ ಹಾಗೇ ರೂಢಿಯಾಗಿದೆ. ಕ್ಯಾಸೆಟ್ ಅಂಗಡಿಗಳ ಕಾಲದಿಂದ ನೋಡುತ್ತ ಬಂದದ್ದು ಇದನ್ನೇ. ಭಕ್ತಿಗೀತೆಯಾದರೆ ನಡುವೆ ದೇವರು, ಮೂಲೆಯ ವೃತ್ತದಲ್ಲಿ ಗಾಯಕರು. ಸಿನಿಮಾ ಹಾಡಾದರೆ ನಾಯಕ, ನಾಯಕಿ. ಭಾವಗೀತೆಯಾದರೆ ಮೇಲೆ ಕವಿಯ ಭಾವಚಿತ್ರ, ಕೆಳಗೆ ಹಾಡಿದವರ ಸಾಲು. ಅಂಗಡಿಯ ಮುಂದೆ ನಿಂತ ಗಿರಾಕಿಗೆ ಯಾರು ಹಾಡಿದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕಿತ್ತು, ಆ ಪೋಸ್ಟರುಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಆದರೆ ನಿಮ್ಮ ಪೋಸ್ಟರ್ ಹೋಗುವುದು ಅಂಗಡಿಗಲ್ಲ, ಜನರ ಫೋನಿಗೆ. ಅಲ್ಲಿ ಅದು ಹೆಬ್ಬೆರಳಿನಷ್ಟು. ಆ ಅಳತೆಯಲ್ಲಿ 14 ಮುಖಗಳು 14 ಚುಕ್ಕೆಗಳಾಗುತ್ತವೆ.

ಹಾಡಿಗೆ ಚಿತ್ರ ಹೊದಿಸುವ ಪದ್ಧತಿ ಶುರುವಾದ ಕತೆಯನ್ನು ನಿಮಗೆ ಹೇಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಾಲ್ಕು ನಿಮಿಷದ ಸಂಗೀತ. ಉದ್ದದ ಕೃತಿಗೆ ಹಲವು ತಟ್ಟೆ ಬೇಕು. ಅವನ್ನೆಲ್ಲ ಫೋಟೋ ಆಲ್ಬಮ್ಮಿನ ಹಾಗೆ ಒಂದು ರಟ್ಟಿನ ಕಟ್ಟಿನಲ್ಲಿಟ್ಟು ಮಾರುತ್ತಿದ್ದರು, ಆಲ್ಬಂ ಎಂಬ ಹೆಸರು ಬಂದದ್ದೇ ಹಾಗೆ. ಆ ರಟ್ಟಿನ ಮೇಲೆ ಸಾಮಾನ್ಯವಾಗಿ ಚಿತ್ರವಿರುತ್ತಿರಲಿಲ್ಲ, ಮಾಸಲು ಬಣ್ಣ ಅಷ್ಟೆ. 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ 23 ವರ್ಷದ ಅಲೆಕ್ಸ್ ಸ್ಟೈನ್‌ವೈಸ್ ಇದನ್ನು ಬದಲಿಸಿದ. ಆಸ್ಟ್ರಿಯಾದ ಪೋಸ್ಟರ್ ಕಲಾವಿದ ಜೋಸೆಫ್ ಬೈಂಡರ್ ಕೈಕೆಳಗೆ ಪಳಗಿದ ಹುಡುಗ ಅವನು. ಸಂಗೀತ ನಾಟಕಗಳಿಗೆ ಹಾಡು ಕಟ್ಟುತ್ತಿದ್ದ ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಹಾಡುಗಳ ಆಲ್ಬಮ್ಮಿಗೆ ಆತ ಅವರಿಬ್ಬರ ಫೋಟೋ ಹಾಕಲಿಲ್ಲ. ನ್ಯೂಯಾರ್ಕಿನ ಇಂಪೀರಿಯಲ್ ಥಿಯೇಟರಿನ ಹೊರಗಿನ ದೀಪದ ಫಲಕದಲ್ಲಿ ಆಲ್ಬಮ್ಮಿನ ಹೆಸರು ಜೋಡಿಸಿ, ಆ ಫಲಕದ ಫೋಟೋ ತೆಗೆಸಿದ. ನಾಟಕದ ರಾತ್ರಿಯ ಸಡಗರ ರಟ್ಟಿನ ಮೇಲೆ ಬಂತು. ಗಮನಿಸಿ, ಅವನ ಮೊದಲ ಹೊದಿಕೆಯಲ್ಲೇ ಮುಖವಿಲ್ಲ.

ಹಾಗಾದರೆ ಮುಖವೇ ಬೇಡವೇ ಎಂದು ನೀವು ಕೇಳಬಹುದು. ಬೇಕಾದರೆ ಒಂದು ಇರಲಿ, ಅಮೆರಿಕದ ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ ಬರೆದ ಗಾಯಕ ಬಾಬ್ ಡಿಲನ್ ಪೋಸ್ಟರಿನಲ್ಲಿ ಇರುವ ಹಾಗೆ. 1966ರಲ್ಲಿ ಮೋಟಾರ್ ಸೈಕಲ್ ಅಪಘಾತವಾದ ಮೇಲೆ ಡಿಲನ್ ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನ ರೆಕಾರ್ಡ್ ಕಂಪನಿ ಹೆಸರಾದ ಹಾಡುಗಳನ್ನು ಒಟ್ಟುಮಾಡಿ 1967ರಲ್ಲಿ ಆಲ್ಬಂ ತಂದಿತು, ಅದರೊಳಗೆ ಒಂದು ಪೋಸ್ಟರನ್ನು ಮಡಿಸಿಟ್ಟಿತು. ಬಿಳಿಯ ಹಾಳೆ, ಪಕ್ಕಕ್ಕೆ ತಿರುಗಿದ ಮುಖ ಬರೀ ಕಪ್ಪು ನೆರಳು. ಕಣ್ಣಿಲ್ಲ, ನಗೆಯಿಲ್ಲ. ಕೂದಲು ಮಾತ್ರ ಬಣ್ಣಬಣ್ಣದ ತೊರೆಗಳಾಗಿ ಸುರುಳಿಬಿಚ್ಚುತ್ತದೆ. ಆ ನೆರಳಿಗೆ ಕಲಾವಿದ ಮಾರ್ಸೆಲ್ ಡುಶಾಂಪ್ ಮಾಡಿದ್ದ ತನ್ನದೇ ಪಾರ್ಶ್ವಚಿತ್ರ ಪ್ರೇರಣೆ, ಬಣ್ಣದ ಸುರುಳಿಗೆ ಇಸ್ಲಾಮೀ ಚಿತ್ರಕಲೆ ಪ್ರೇರಣೆ ಎಂದು ಗ್ಲೇಸರ್ ಹೇಳಿದ್ದಾನೆ. ಎದ್ದು ಕಾಣುವ ಅಕ್ಷರವೆಂದರೆ ಮೂಲೆಯ ‘ಡಿಲನ್’ ಒಂದೇ. ‘ಇಂದೇ ಕೊಳ್ಳಿರಿ’ ಎಂಬ ಕೂಗು ಬೇಕಿರಲಿಲ್ಲ, ಕೊಂಡವರ ಕೈಗೇ ಸಿಗುವ ಪೋಸ್ಟರ್ ಅದು. ಸುಮಾರು 60 ಲಕ್ಷ ಪ್ರತಿಗಳು ಅಚ್ಚಾದವು ಎನ್ನುತ್ತಾರೆ. ಅಂಗಡಿಯ ಪೋಸ್ಟರ್ ಮಳೆಗೆ ನೆನೆದು ಹರಿದುಹೋಗುತ್ತದೆ, ಇದು ಜನರ ಮನೆಯ ಗೋಡೆ ಸೇರಿತು.

ಆ ನಾಲ್ಕೈದು ಅಕ್ಷರಗಳಿಗೂ ಒಂದು ಕತೆಯಿದೆ. ಮೆಕ್ಸಿಕೋ ನಗರದಲ್ಲಿ ಯಾರೋ ಕೈಯಲ್ಲಿ ಬರೆದ ದರ್ಜಿ ಅಂಗಡಿಯ ಬೋರ್ಡು ನೋಡಿ ಗ್ಲೇಸರಿಗೆ ಹೊಳೆದ ಅಕ್ಷರರೂಪ ಅದು. ನಿಮ್ಮ ಊರಿನ ಪೇಟೆಯಲ್ಲೂ ಕೈಬರಹದ ಹಳೆಯ ಬೋರ್ಡುಗಳು ಇನ್ನೂ ಉಳಿದಿರಬಹುದು, ಒಂದು ಸಂಜೆ ಹೋಗಿ ನೋಡಿ ಬನ್ನಿ. ಏಕೆಂದರೆ ಕರಡಿನಲ್ಲಿ ನನಗೆ ಮುಖಗಳಿಗಿಂತ ಹೆಚ್ಚು ನೋವು ತಂದದ್ದು ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಸಾಮಾನ್ಯವಾಗಿ ಕೆಳಗೆ ಬಾಲವಿಲ್ಲ, ಇಟ್ಟಿಗೆಯ ಹಾಗೆ ಒತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಹಾಗೆ ಜೋಡಿಸಿದರೆ ಏನಾಗುತ್ತದೆ ಎಂಬುದು ನಿಮ್ಮ ಕರಡಿನಲ್ಲೇ ಇದೆ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಿ ಎರಡೂ ಕೆಟ್ಟಿವೆ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಹೆಸರು ಎದ್ದು ಕಾಣಬೇಕಾದರೆ ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ ಇವೇ ಆಸರೆ. ಒಳ್ಳೆಯ ಕೈಯವರೊಬ್ಬರಿಂದ ಕುಂಚದಲ್ಲಿ ಬರೆಸಿಬಿಡಿ. ಒತ್ತಕ್ಷರ ಕೆಳಗಿಳಿದು ಹರಡಿಕೊಳ್ಳಲಿ, ಅದು ಕನ್ನಡದ ಚೆಲುವು.

ಒಂದನ್ನು ಮಾತ್ರ ದಯವಿಟ್ಟು ತೆಗೆಯಬೇಡಿ: ‘ಸಾಹಿತ್ಯ, ಸಂಗೀತ, ಗಾಯನ’ ಎಂಬ ಮೂರು ಸಾಲು. ಹಾಡಿದವರ ಜೊತೆಗೆ ಬರೆದವರನ್ನೂ ನೆನೆಯುವ ಈ ರೂಢಿ ಭಾವಗೀತೆಯ ಹೆಮ್ಮೆ. ಚಿಕ್ಕದಾಗಿಯಾದರೂ ಕವಿಯ ಹೆಸರು ಮೊದಲು ಇರಲಿ.

ಇನ್ನು 14 ಮಂದಿಗೆ ಬೇಸರವಾಗದಂತೆ ಏನು ಮಾಡುವುದು? 1968ರಲ್ಲಿ ಬೀಟಲ್ಸ್ ತಂಡ ಅಚ್ಚಬಿಳಿ ಹೊದಿಕೆಯ ಆಲ್ಬಂ ತಂದಾಗ ಒಳಗೊಂದು ದೊಡ್ಡ ಪೋಸ್ಟರ್ ಇಟ್ಟರು. ಮುಂದೆ ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಜೋಡಿಸಿದ ಫೋಟೋಗಳು, ಹಿಂದೆ ಹಾಡುಗಳ ಸಾಹಿತ್ಯ. ಹೊರಗೆ ಮೌನ, ಒಳಗೆ ಎಲ್ಲ ವಿವರ. ನೀವೂ ಬಿಡುಗಡೆಯ ದಿನ ಹಂಚುವ ಹಾಳೆಯ ಹಿಂಬದಿಯಲ್ಲಿ ಎಲ್ಲರ ಮುಖ, ಹೆಸರು ಹಾಕಿ.

ಮುಂಬದಿಗೆ ಚಿತ್ರ ನಿಮ್ಮ ಕಾಗದದಲ್ಲೇ ಇದೆ. ಮಳೆಗಾಲದ ಸಂಜೆಗಳಲ್ಲಿ ಅಭ್ಯಾಸಕ್ಕೆ ಬಂದವರು ಜಗಲಿಯ ಮೇಲೆ ತಮ್ಮ ಕೊಡೆಗಳನ್ನು ಬಿಡಿಸಿ ಒಣಗಲು ಇಡುತ್ತಿದ್ದರು, ಒಳಗಿನಿಂದ ಹಾರ್ಮೋನಿಯಂ ಕೇಳುತ್ತಿತ್ತು ಎಂದು ಬರೆದಿದ್ದೀರಿ. ಎಂಟು ಗಾಯಕರು, ಎಂಟು ಕೊಡೆಗಳು. ಅದನ್ನು ಬರೆಸಿ. ಹೆಬ್ಬೆರಳಿನ ಗಾತ್ರದಲ್ಲೂ ಅದು ಕಾಣುತ್ತದೆ.

ಹೊಸ ಕರಡನ್ನು ಫೋನಿಗೆ ಕಳಿಸಬೇಡಿ, ಅಚ್ಚು ಹಾಕಿಸಿ ಅಂಚೆಯಲ್ಲೇ ಕಳಿಸಿ. ಗೋಡೆಯ ಮೇಲೆ ಜಾಗ ಹಾಗೇ ಇಟ್ಟಿದ್ದೇನೆ.

ಇಂತಿ ನಿಮ್ಮ ಗೆಳೆಯ