ಕೈಗಡವೂ ಮುಯ್ಯಾಳೂ

ಭಾರವಾದ ಪೆಟ್ಟಿಗೆಯನ್ನೆತ್ತಲು ನೆರವು ಬೇಕಾದಾಗ ಇಂಗ್ಲಿಷರು ‘ಲೆಂಡ್ ಮಿ ಎ ಹ್ಯಾಂಡ್’ ಎನ್ನುವರು. ‘ನಿನ್ನ ಕೈಯನ್ನು ನನಗೆ ಸಾಲವಾಗಿ ಕೊಡು’ ಎಂದು ಇದರ ಅಕ್ಷರಾರ್ಥ. ಇದನ್ನು ‘ಕೈಗಡ’ವೆಂದು ಕನ್ನಡಿಸಿದರೆ ನಮ್ಮವರು ಹಣದ ಚೀಲವನ್ನು ಬಿಗಿಹಿಡಿದಾರು! ಕೈಗಡಕ್ಕೆ ಪತ್ರವಿಲ್ಲದಿದ್ದರೂ ಹಿಂದಿರುಗಿಸುವ ಮಾತುಂಟು. ಇಂಗ್ಲಿಷರ ಈ ಸಾಲಕ್ಕೆ ಅದೂ ಇಲ್ಲ. ಪೆಟ್ಟಿಗೆ ಕೆಳಗಿಳಿದೊಡನೆ ಕೈ ತನ್ನ ಒಡೆಯನನ್ನೇ ಸೇರುವುದು.

ನಮ್ಮ ಒಕ್ಕಲುಮಕ್ಕಳ ‘ಮುಯ್ಯಾಳು’ ಹಾಗಲ್ಲ. ಇಂದು ನನ್ನ ಗದ್ದೆಯ ನಾಟಿಗೆ ನೀನು ಬಂದೆಯಾದರೆ, ನಾಳೆ ನಿನ್ನ ಗದ್ದೆಗೆ ನಾನು ಬರಲೇಬೇಕು. ಆಳಿಗೆ ಆಳು, ದಿನಕ್ಕೆ ದಿನ. ಸಾಲವೆಂಬ ಹೆಸರಿಲ್ಲದೆಯೇ ಇಲ್ಲಿ ಸಾಲವು ಸಲ್ಲುವುದು. ಇದನ್ನು ಬರಿಯ ವ್ಯಾಪಾರವೆಂದು ಹಳಿಯುವವರುಂಟು. ನನಗಾದರೋ ಈ ಲೆಕ್ಕವೇ ಹಿತ. ಕೂಲಿಗೆ ಕಾಸಿಲ್ಲದ ಬಡವನು ‘ಉಪಕಾರ ಮಾಡಿ’ ಎಂದು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ‘ನಾಳೆ ಮುಯ್ಯಿಗೆ ಬರುವೆನು’ ಎಂದರಾಯಿತು.